ಮೊದಲು ಮದರ್‌ಬೋರ್ಡ್ ಆರಿಸಿ, ಆಮೇಲೆ ಪ್ರೊಸೆಸರ್

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನೀವು ಕಲಬುರಗಿಯಲ್ಲಿ ಓದುತ್ತಿದ್ದೀರಿ. ಕೈಯಲ್ಲಿ 55 ಸಾವಿರ ರೂಪಾಯಿ ಇದೆ. 144 ಹರ್ಟ್ಸ್‌ನ ಮಾನಿಟರ್ ಈಗಾಗಲೇ ಮನೆಯಲ್ಲಿದೆ, ಅಣ್ಣನ ಕಂಪ್ಯೂಟರಿನಿಂದ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್‌ಗಳೂ ಸಿಗುತ್ತವೆ. ಆಡುವುದು ಮುಖ್ಯವಾಗಿ ವ್ಯಾಲೊರಂಟ್, ಬಿಡುವಾದಾಗ ಜಿಟಿಎ 5. ಕೋರ್ ಐ5-12400ಎಫ್ ಜೊತೆಗೆ ಎಚ್610 ಬೋರ್ಡ್ ಕೊಳ್ಳಲೋ, ರೈಜನ್ 5 5600 ಜೊತೆಗೆ ಬಿ550 ಬೋರ್ಡ್ ಕೊಳ್ಳಲೋ, ಅಥವಾ ಅಂಗಡಿಯವರು ಅಗ್ಗಕ್ಕೆ ಕೊಡುತ್ತೇವೆ ಎನ್ನುತ್ತಿರುವ ಐ7-3770 ಸೆಟ್ಟೇ ಸಾಕೋ ಎಂದು ಕೇಳಿದ್ದೀರಿ.

ರೈಜನ್ 5 5600 ಮತ್ತು ಬಿ550 ತೆಗೆದುಕೊಳ್ಳಿ. ಕಾರಣಗಳನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಊರಿನ ಅಂಗಡಿಯಲ್ಲಿ ಬೆಲೆ ಹೆಚ್ಚುಕಡಿಮೆಯಾದರೆ ಎಲ್ಲಿ ರಾಜಿಯಾಗಬಹುದು, ಎಲ್ಲಿ ಆಗಬಾರದು ಎಂಬುದು ನಿಮಗೆ ಗೊತ್ತಿರಬೇಕು.

ಐ7 ಸೆಟ್ಟಿನ ವಿಷಯವನ್ನು ಮೊದಲು ಮುಗಿಸುತ್ತೇನೆ. ಐ7 ಎಂಬ ಹೆಸರಿಗೆ ಮರುಳಾಗಬೇಡಿ. 3770 ಬಂದದ್ದು 2012ರಲ್ಲಿ. ಅದರ ಬೋರ್ಡಿಗೆ ಡಿಡಿಆರ್3 ರ‍್ಯಾಮ್ ಬೇಕು, ಅಣ್ಣ ಕೊಡುವ ಡಿಡಿಆರ್4 ಅದರ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಹೊಸ ಆಟಗಳಲ್ಲಿ ಕೆಲವು ಕೇಳುವ ಎವಿಎಕ್ಸ್2 ಸೌಲಭ್ಯ ಆ ತಲೆಮಾರಿನಲ್ಲಿಲ್ಲ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನದನ್ನು, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೇಲಾಗಿ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ತೆರೆಯಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳೆರಡೂ ಬೇಕು, ಅಷ್ಟು ಹಳೆಯ ಸೆಟ್ಟಿನಲ್ಲಿ ಅದನ್ನು ನಂಬುವಂತಿಲ್ಲ. ಹೊಸ ಪೆಟ್ಟಿಗೆಯಲ್ಲಿ ಬಂದರೂ ಅದು ಹಳೆಯ ಸರಕು. ಅದಕ್ಕೆ ಹಾಕಿದ ಹಣ ಮರಳಿ ಬಾರದು.

ಇನ್ನು ಉಳಿದ ಎರಡರ ಮಾತು. ಎಲ್ಲರೂ ಪ್ರೊಸೆಸರನ್ನು ಮೊದಲು ಆರಿಸಿ, ಉಳಿದ ಚಿಲ್ಲರೆಯಲ್ಲಿ ಬೋರ್ಡ್ ಹುಡುಕುತ್ತಾರೆ. ನನ್ನ ಪ್ರಕಾರ ಆರಂಭ ಬೋರ್ಡಿನಿಂದಲೇ ಆಗಬೇಕು. ಪ್ರೊಸೆಸರ್ ಬದಲಿಸುವುದು ಒಂದು ಸಂಜೆಯ ಕೆಲಸ. ಬೋರ್ಡ್ ಬದಲಿಸುವುದೆಂದರೆ ಕ್ಯಾಬಿನೆಟ್ಟಿನ ಪ್ರತಿಯೊಂದು ತಂತಿಯನ್ನೂ ಬಿಚ್ಚಿ ಮತ್ತೆ ಕಟ್ಟಬೇಕು, ಎಷ್ಟೋ ಸಲ ಪ್ರೊಸೆಸರ್, ರ‍್ಯಾಮ್ ಎರಡನ್ನೂ ಅದರ ಹಿಂದೆಯೇ ಹೊಸದಾಗಿ ಕೊಳ್ಳಬೇಕು.

ನಾನು 2019ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಬಿ450 ಬೋರ್ಡ್ ಮತ್ತು ರೈಜನ್ 3 2200ಜಿ ಕೊಂಡಿದ್ದೆ. ಅದೇ ವರ್ಷ ನನ್ನ ಗೆಳೆಯ ಐ3-8100 ಮತ್ತು ಎಚ್310 ಬೋರ್ಡ್ ಕೊಂಡ. ಆಗ ಅವನದೇ ತುಸು ಚುರುಕಾಗಿತ್ತು. ನಾಲ್ಕು ವರ್ಷದ ಮೇಲೆ ಇಬ್ಬರಿಗೂ ಯಂತ್ರ ನಿಧಾನ ಎನಿಸಿತು. ಅವನ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ದಾರಿ ಒಂಬತ್ತನೇ ತಲೆಮಾರಿಗೇ ಮುಗಿದಿತ್ತು, ಹೊಸ ಪ್ರೊಸೆಸರ್ ಬೇಕೆಂದರೆ ಬೋರ್ಡೂ ಹೊಸದಾಗಬೇಕಿತ್ತು. ನಾನು ಅದೇ ಬೋರ್ಡಿನ ಮೇಲೆ ರೈಜನ್ 5 5600 ಕೂರಿಸಿದೆ. ನಾಲ್ಕು ಕೋರ್ ಇದ್ದಲ್ಲಿ ಆರು ಕೋರ್, ಹನ್ನೆರಡು ಥ್ರೆಡ್ ಬಂತು. ಖರ್ಚಾದದ್ದು ಪ್ರೊಸೆಸರಿನ ಬೆಲೆ ಮಾತ್ರ.

ಆ ಸಂಜೆ ನಡೆದದ್ದನ್ನೂ ಹೇಳಬೇಕು, ನಿಮಗೂ ಒಂದು ದಿನ ಬೇಕಾಗುತ್ತದೆ. ಕೂಲರಿನ ಸ್ಕ್ರೂಗಳನ್ನು ಬಿಚ್ಚಿ ನೇರವಾಗಿ ಮೇಲಕ್ಕೆತ್ತಿದೆ. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಗಟ್ಟಿಯಾಗಿ ಗೋಂದಿನಂತೆ ಹಿಡಿದುಕೊಂಡಿತ್ತು. ಸಾಕೆಟ್ಟಿನ ಕೊಕ್ಕೆ ಮುಚ್ಚಿದ್ದರೂ ಹಳೆಯ ಪ್ರೊಸೆಸರ್ ಕೂಲರಿನ ತಳಕ್ಕೆ ಅಂಟಿಕೊಂಡೇ ಮೇಲೆ ಬಂತು. ಅದರ 1331 ಪಿನ್‌ಗಳಲ್ಲಿ ಮೂಲೆಯ ಮೂರು ಬಾಗಿದ್ದವು. ಇನ್ನು ಹಳೆಯದರ ಕೆಲಸವೇನು ಎಂದು ಹೊಸದನ್ನು ಕೂರಿಸಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಯಂತ್ರವನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ತಂತ್ರಾಂಶವೇ ಬಯಾಸ್; ನನ್ನ ಬೋರ್ಡಿನ ಹಳೆಯ ಬಯಾಸ್‌ಗೆ 5600ರ ಗುರುತೇ ಇರಲಿಲ್ಲ. ಬಯಾಸ್ ನವೀಕರಿಸಬೇಕೆಂದರೆ ಆ ಬಾಗಿದ ಪಿನ್‌ನ ಪ್ರೊಸೆಸರೇ ಮತ್ತೆ ಬೇಕು! ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯೊಳಗೆ ಒಂದೊಂದೇ ಪಿನ್ ತೂರಿಸಿ, ಉಸಿರು ಬಿಗಿಹಿಡಿದು ನೇರ ಮಾಡಿದೆ. ಅರ್ಧ ಗಂಟೆ ಹಿಡಿಯಿತು. ಪ್ರೊಸೆಸರ್ ತಾನಾಗಿಯೇ ಸಾಕೆಟ್ಟಿನೊಳಗೆ ಇಳಿದಾಗ ಆದ ಸಮಾಧಾನ ಇಂದಿಗೂ ನೆನಪಿದೆ. ಎಎಂ4 (ಬಿ450, ಬಿ550 ಬೋರ್ಡುಗಳ ಸಾಕೆಟ್) ಕೂಲರ್ ತೆಗೆಯುವ ಮುನ್ನ ಹತ್ತು ನಿಮಿಷ ಯಂತ್ರ ಓಡಿಸಿ, ಪೇಸ್ಟ್ ಬೆಚ್ಚಗಾಗಲಿ. ಆಮೇಲೆ ಯಂತ್ರ ಆಫ್ ಮಾಡಿ, ತಂತಿ ಕಿತ್ತು, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುಗಿಸಿ, ಸಡಿಲವಾದ ಮೇಲೆ ಎತ್ತಿ. ಬಯಾಸ್ ಮೊದಲು, ಪ್ರೊಸೆಸರ್ ಆಮೇಲೆ.

ಈಗ ಎಎಂ4 ದಾರಿಯೂ ಕೊನೆಗೆ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. 12400ಎಫ್ ಕೂರುವ ಎಲ್‌ಜಿಎ1700 ಕೂಡ ಹದಿನಾಲ್ಕನೇ ತಲೆಮಾರಿಗೆ ನಿಂತಿದೆ. ಮುಂದೆ ಸಾಗುವ ದಾರಿ 2022ರಲ್ಲಿ ಬಂದ ಎಎಂ5. ಆದರೆ ಎಎಂ5ಗೆ ಡಿಡಿಆರ್5 ಕಡ್ಡಾಯ, 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಅಣ್ಣನ 16 ಜಿಬಿ ರ‍್ಯಾಮ್ ನಿಮಗೆ ಸಿಕ್ಕಿರುವ ದೊಡ್ಡ ಉಡುಗೊರೆ. ಆ ರ‍್ಯಾಮ್ ಇರದಿದ್ದರೆ ಎಎಂ5ರ ಎ620 ಅಥವಾ ಬಿ650 ಬೋರ್ಡಿಗಾಗಿ ಇನ್ನೆರಡು ತಿಂಗಳು ಹಣ ಕೂಡಿಡಿ ಎನ್ನುತ್ತಿದ್ದೆ.

ಆಟದಲ್ಲಿ 12400ಎಫ್ ಮತ್ತು 5600 ಹೆಚ್ಚುಕಡಿಮೆ ಸರಿಸಮ. ಎರಡಕ್ಕೂ ಆರು ಕೋರ್. ಹಾಗಾಗಿ ನಾನು ತೂಗಿ ನೋಡಿದ್ದು ಬೋರ್ಡನ್ನು. ಎಚ್610ರಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್, ಎರಡನ್ನೂ ಅಣ್ಣನ ರ‍್ಯಾಮ್‌ಗಳೇ ತುಂಬುತ್ತವೆ. ಮುಂದೆ ಸೇರಿಸಲು ಜಾಗವಿಲ್ಲ. ಪ್ರೊಸೆಸರಿಗೆ ವಿದ್ಯುತ್ ಹದ ಮಾಡಿ ಕೊಡುವ ವಿಆರ್‌ಎಂ ಭಾಗ ಸಾಕೆಟ್ಟಿನ ಪಕ್ಕದಲ್ಲೇ ಇರುತ್ತದೆ. ಅಗ್ಗದ ಎಚ್610, ಎ520 ಬೋರ್ಡುಗಳಲ್ಲಿ ಹಲವಕ್ಕೆ ಅದರ ಮೇಲೆ ಲೋಹದ ಹೀಟ್‌ಸಿಂಕ್ ಹೊದಿಕೆಯೇ ಇರುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಕೋಣೆಯಲ್ಲಿ ಮೂರು ಗಂಟೆ ಆಡುವವರಿಗೆ ಆ ಹೊದಿಕೆ ಬೇಕೇ ಬೇಕು. ಇಂಟೆಲ್ಲೇ ಇರಲಿ ಎಂದು ಮನಸ್ಸಿದ್ದರೆ ಬಿ760 ನೋಡಿ, ಆದರೆ ಡಿಡಿಆರ್4 ಮಾದರಿಯನ್ನೇ ಕೇಳಿ. ಬಿ760ರಲ್ಲಿ ಡಿಡಿಆರ್5 ಬೋರ್ಡುಗಳೂ ಇವೆ, ಹೆಸರು ಮಾತ್ರ ಹೆಚ್ಚುಕಡಿಮೆ ಒಂದೇ.

5600 ಇಲ್ಲ, 5500 ಇದೆ, ಎರಡೂ ಒಂದೇ ಎಂದು ಅಂಗಡಿಯವರು ಹೇಳಬಹುದು. ಒಂದೇ ಅಲ್ಲ. 144 ಹರ್ಟ್ಸ್ ಮಾನಿಟರಿಗೆ ಪ್ರತಿ ಚೌಕಟ್ಟನ್ನೂ (ಫ್ರೇಮ್) ಸುಮಾರು 7 ಮಿಲಿಸೆಕೆಂಡಿನಲ್ಲಿ ಸಿದ್ಧಮಾಡಬೇಕು, ವ್ಯಾಲೊರಂಟ್‌ನಂತಹ ಆಟದಲ್ಲಿ ಆ ಹೊರೆ ಹೆಚ್ಚಾಗಿ ಪ್ರೊಸೆಸರಿನ ಮೇಲೇ ಬೀಳುತ್ತದೆ. ಎಣ್ಣೆ ಕಾದಾಗ ಸಾಸಿವೆ ಡಬ್ಬಿ ಕೈಗೆಟಕುವಂತಿರಬೇಕು, ಅಟ್ಟ ಹತ್ತಿ ತರುವಷ್ಟರಲ್ಲಿ ಒಗ್ಗರಣೆ ಸೀಯುತ್ತದೆ. ಕ್ಯಾಷ್ ಎಂಬುದು ಆ ಕೈಗೆಟಕುವ ಡಬ್ಬಿ. 5600ರಲ್ಲಿ ಅದು 32 ಎಂಬಿ, 5500ರಲ್ಲಿ 16 ಎಂಬಿ. ಜೊತೆಗೆ 5500 ಗ್ರಾಫಿಕ್ಸ್ ಕಾರ್ಡಿನೊಂದಿಗೆ, ಅವೆರಡರ ನಡುವಿನ ದಾರಿಯಾದ ಪಿಸಿಐಇಯ ಹಳೆಯ 3.0 ವೇಗದಲ್ಲಷ್ಟೇ ಮಾತನಾಡುತ್ತದೆ. 4.0 ವೇಗಕ್ಕಾಗಿ ನೀವು ಬಿ550ಗೆ ಕೊಟ್ಟ ಹೆಚ್ಚಿನ ಹಣ ಅಲ್ಲಿ ಪೋಲಾಗುತ್ತದೆ. ಆರ್‌ಎಕ್ಸ್ 6600 ಕಾರ್ಡಿಗೆ ಆ ದಾರಿಯಲ್ಲಿ ಎಂಟು ಲೇನ್ (ಮಾಹಿತಿ ಹರಿಯುವ ಸಾಲು) ಇರುವುದರಿಂದ ನಷ್ಟ ಅಲ್ಪ. ನಾಲ್ಕೇ ಲೇನ್ ಇರುವ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಪೆಟ್ಟು ಜೋರಾಗಿಯೇ ಬೀಳುತ್ತದೆ.

5600ರಲ್ಲಾಗಲಿ, ಎಫ್ ಅಕ್ಷರದ ಇಂಟೆಲ್‌ನಲ್ಲಾಗಲಿ ಗ್ರಾಫಿಕ್ಸ್ ಒಳಗೇ ಇರುವುದಿಲ್ಲ. ಕಾರ್ಡ್ ಕೈಗೆ ಬರುವ ತನಕ ಪರದೆಯಲ್ಲಿ ಏನೂ ಮೂಡುವುದಿಲ್ಲ. ಕಾರ್ಡನ್ನು ಆರು ತಿಂಗಳ ನಂತರ ಕೊಳ್ಳುವ ಯೋಚನೆ ಇದ್ದರೆ 5600ಜಿ ಸರಿಹೋಗುತ್ತದೆ, ಅದರಲ್ಲೇ ವ್ಯಾಲೊರಂಟ್ ಆಡಬಹುದು. ಆಗ ಎರಡು ರ‍್ಯಾಮ್‌ಗಳನ್ನೂ ಹಾಕಲೇಬೇಕು, ಒಂದೇ ಹಾಕಿದರೆ ಒಳಗಿನ ಗ್ರಾಫಿಕ್ಸ್ ಸೊರಗುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಿ.

ಅಂಗಡಿಯಲ್ಲೇ ಜೋಡಿಸಿ ಪರದೆ ಹೊತ್ತಿಸಿ ತೋರಿಸಲು ಕೇಳಿ, ಬಯಾಸ್‌ನ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಬಿಲ್ಲಿನಲ್ಲಿ ಬರೀ ‘ಬಿ550’ ಎಂದಿದ್ದರೆ ಸಾಲದು, ಬೋರ್ಡಿನ ಪೂರ್ತಿ ಹೆಸರು ಮತ್ತು ಸರಣಿ ಸಂಖ್ಯೆ ಬರೆಸಿಕೊಳ್ಳಿ. ಪ್ರೊಸೆಸರ್ ಮೊಹರಾದ ಪೆಟ್ಟಿಗೆಯಲ್ಲಿರಲಿ, ಬಿಡಿಯಾಗಿ ಕೊಡುವ ಟ್ರೇ ಪ್ರೊಸೆಸರಿಗೆ ಕಂಪನಿಯ ಮೂರು ವರ್ಷದ ವಾರಂಟಿ ಸಿಗದೆ ಹೋಗಬಹುದು.

ಯಾವ ಗ್ರಾಫಿಕ್ಸ್ ಕಾರ್ಡ್ ಮತ್ತು ಯಾವ ಪವರ್ ಸಪ್ಲೈ ಎಂದು ನೀವು ಬರೆದಿಲ್ಲ. ಮುಂಗಡ ಕೊಡುವ ಮೊದಲು ಅವೆರಡರ ಹೆಸರು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.