ಪಗಾರ, ಚಾವಿ ಬಂದ ದಾರಿ

ಪ್ರಶ್ನೆ: ಸ್ಪ್ಯಾನಿಷ್ ಕಲಿಯುತ್ತಿರುವ ನನ್ನ ಮಗಳು, ಆ ಭಾಷೆಯಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು, ‘ಮೇಸಾ’ ಎಂದರೆ ಮೇಜು ಎಂದು ಪುಸ್ತಕ ತೆರೆದು ತೋರಿಸಿದಳು. ನಮ್ಮ ಮನೆಮಾತಿಗೆ ಸ್ಪ್ಯಾನಿಷ್ ಪದಗಳು ಹೇಗೆ ಸೇರಿದವು?
– ಓದುಗರೊಬ್ಬರು, ಖಾನಾಪುರ

ಉತ್ತರ: ‘ಪಗಾರ’ ನಮಗೆ ಬಂದದ್ದು ಸ್ಪೇನಿನಿಂದಲ್ಲ, ನಿಮ್ಮೂರಿನಿಂದ ಘಟ್ಟ ಇಳಿದರೆ ಸಿಗುವ ಗೋವೆಯಿಂದ. 1510ರಿಂದ 1961ರವರೆಗೆ ಅಲ್ಲಿ ಆಳಿದ ಪೋರ್ಚುಗೀಸರ ಭಾಷೆಯೂ ಸ್ಪ್ಯಾನಿಷ್‌ನಂತೆ ಲ್ಯಾಟಿನ್ನಿನಿಂದಲೇ ಹುಟ್ಟಿದ್ದರಿಂದ ಎರಡರಲ್ಲೂ ‘ಪಗಾರ್’ ಒಂದೇ ರೂಪದಲ್ಲಿದೆ. ಇದರ ಮೂಲವಾದ ಲ್ಯಾಟಿನ್ನಿನ ‘ಪಾಕಾರೆ’ ಎಂಬುದಕ್ಕೆ ಶಾಂತಗೊಳಿಸುವುದು ಎಂದರ್ಥ. ಬಾಕಿ ತೀರಿಸಿ ಸಾಲ ಕೊಟ್ಟವನನ್ನು ಸಮಾಧಾನಪಡಿಸುವುದು ಎಂಬ ಬಳಕೆಯ ಮೂಲಕ ಅದು ಹಣ ಕೊಡುವುದಾಗಿ, ನಮ್ಮಲ್ಲಿಗೆ ಬಂದು ತಿಂಗಳ ಸಂಬಳವಾಯಿತು. ‘ಪಗಾರ ಆತೇನ್ರಿ?’ ಎಂಬ ಮಾತಿನೊಳಗೆ ಶಾಂತಿ ಎಂಬರ್ಥದ ‘ಪಾಕ್ಸ್’ ಪದ ಅಡಗಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಪದ ಯಾರಿಂದ ಬಂದಿತೆಂಬುದಕ್ಕೆ ‘ಚಾವಿ’ ಇನ್ನೂ ಗಟ್ಟಿಯಾದ ಸಾಕ್ಷಿ. ಲ್ಯಾಟಿನ್ನಿನ ‘ಕ್ಲಾವಿಸ್’ ಸ್ಪ್ಯಾನಿಷ್‌ನಲ್ಲಿ ‘ಯಾವೆ’ ಆಯಿತು, ಪೋರ್ಚುಗೀಸಿನಲ್ಲಿ ‘ಚಾವೆ’ ಆಯಿತು. ಮಳೆ ಎಂಬರ್ಥದ ‘ಪ್ಲುವಿಯಾ’ ಕೂಡ ಹೀಗೆಯೇ ಕವಲೊಡೆದಿದೆ. ಇಂದಿನ ಶಿಷ್ಟ ಪೋರ್ಚುಗೀಸಿನಲ್ಲಿ ಬೀಗದ ಕೈಯನ್ನು ‘ಶಾವೆ’ ಎನ್ನುತ್ತಾರೆ. ಗೋವೆಗೆ ಮೊದಲು ಬಂದಿಳಿದವರ ಬಾಯಲ್ಲಿದ್ದ ಹಳೆಯ ಚಕಾರವನ್ನು ಬೆಳಗಾವಿಯ ನಾವು ಇಂದಿಗೂ ಉಳಿಸಿಕೊಂಡಿದ್ದೇವೆ.

ಮೇಜಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಪಾರಸಿಯಲ್ಲಿಯೂ ‘ಮೇಜ್’ ಎಂಬ ಪದಕ್ಕೆ ಇದೇ ಅರ್ಥವಿದ್ದು, ವಿಜಯಪುರದ ಆದಿಲಶಾಹಿ ದರಬಾರಿನಲ್ಲಿ ಪಾರಸಿ ನಡೆಯುತ್ತಿದ್ದುದರಿಂದ, ಆ ದಾರಿಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಪ್ರಶ್ನೆ: ಮಳೆ ಕೈಕೊಡುವ ಸುದ್ದಿಯೊಡನೆ ಕೇಳಿಬರುವ ‘ಎಲ್ ನಿನೊ’ ಎಂದರೇನು?
– ರೈತರೊಬ್ಬರು, ಇಂಡಿ

ಉತ್ತರ: ಇದು ನಿಜವಾಗಿಯೂ ಸ್ಪ್ಯಾನಿಷ್, ಅವರ ಉಚ್ಚಾರ ‘ಎಲ್ ನಿನ್ಯೊ’, ಅರ್ಥ ಗಂಡುಮಗು. ಪೆರು ದೇಶದ ಕರಾವಳಿಯ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಕಾಣಿಸುತ್ತಿದ್ದ ಬೆಚ್ಚನೆಯ ಸಾಗರ ಪ್ರವಾಹಕ್ಕೆ ಬಾಲಯೇಸುವಿನ ನೆನಪಿನಲ್ಲಿ ಈ ಹೆಸರಿಟ್ಟರು. ಪೆಸಿಫಿಕ್ ಸಾಗರದ ಅದೇ ಭಾಗ ವಾಡಿಕೆಗಿಂತ ತಣ್ಣಗಾಗುವ ಸ್ಥಿತಿಗೆ ವಿಜ್ಞಾನಿಗಳು ಅನಂತರ ‘ಲಾ ನಿನ್ಯಾ’, ಅಂದರೆ ಹೆಣ್ಣುಮಗು, ಎಂದು ಹೆಸರಿಟ್ಟರು.