ಹತ್ತು-ಹನ್ನೆರಡರ ಹಾಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಟವಾಡಿಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆ. ಹಾಲ್ 10 ಅಡಿ ಅಗಲ, 12 ಅಡಿ ಉದ್ದ. ಮುಂಬಾಗಿಲು, ಅಡುಗೆಮನೆ ಬಾಗಿಲು ಎದುರುಬದುರಾಗಿ 10 ಅಡಿಯ ಗೋಡೆಗಳಲ್ಲಿವೆ. ಮೂರು-ಒಂದು-ಒಂದರ ಸೋಫಾ ಸೆಟ್ ಇಟ್ಟ ಮೇಲೆ ಓಡಾಡಲು ಜಾಗವೇ ಇಲ್ಲ. ನಮ್ಮ ಯಜಮಾನರು ಫಾಲ್ಸ್ ಸೀಲಿಂಗ್ ಮಾಡಿಸಿದರೆ ಹಾಲ್ ಲಕ್ಷಣವಾಗಿ ಕಾಣುತ್ತದೆ ಅನ್ನುತ್ತಾರೆ. ಏನು ಮಾಡೋಣ?
(ಗೃಹಿಣಿ, ತುಮಕೂರು)

ಉತ್ತರ: ಮೊದಲು ಟೇಪು ಹಿಡಿಯಿರಿ. 10 ಅಡಿ ಎಂದರೆ 120 ಇಂಚು. ಸೋಫಾದ ಆಳ ಸುಮಾರು 33 ಇಂಚು, ಸೋಫಾಗೂ ಟೀಪಾಯಿಗೂ ನಡುವೆ ಮೊಣಕಾಲಿಗೆ 16, ಟೀಪಾಯಿ 18, ಎದುರುಗೋಡೆಯ ಟಿ.ವಿ. ಸ್ಟ್ಯಾಂಡ್ 15. ಇಷ್ಟು ಕಳೆದರೆ 38 ಇಂಚು ಉಳಿಯುತ್ತದೆ. ಕಾಫಿ ತಟ್ಟೆ ಹಿಡಿದು ಒಬ್ಬರು ಸಲೀಸಾಗಿ ನಡೆಯಲು 30 ಇಂಚು ಬೇಕು, 36 ಇದ್ದರೆ ಇನ್ನೂ ಚೆನ್ನ. ಅಂದರೆ ಮೂರು ಜನರ ಸೋಫಾ ನಿಮ್ಮ ಹಾಲಿಗೆ ಸರಿಹೊಂದುತ್ತದೆ. ದಾರಿ ಕಟ್ಟಿಹಾಕಿರುವುದು ಆ ಎರಡು ಒಂಟಿ ಸೋಫಾಗಳು. ಒಂದನ್ನು ಬೆಡ್‌ರೂಮಿಗೆ ಕಳಿಸಿ, ಇನ್ನೊಂದನ್ನು ಯಾರಿಗಾದರೂ ಕೊಟ್ಟುಬಿಡಿ. ಅವುಗಳ ಬದಲು ಟೀಪಾಯಿಯ ಅಡಿಗೆ ಸರಿಯುವ ಎರಡು ಸ್ಟೂಲ್ ಸಾಕು, ನೆಂಟರು ಬಂದಾಗ ಎಳೆದುಕೊಳ್ಳಬಹುದು.

ನಡೆಯುವ ದಾರಿ ಟಿ.ವಿ. ಗೋಡೆಯ ಪಕ್ಕದಲ್ಲೇ ನೇರವಾಗಿ ಹೋಗಲಿ. ಮುಂದೆ ಎಂದಾದರೂ ಹೊಸ ಸೋಫಾ ಕೊಳ್ಳುವಾಗ ಅದರ ಅಳತೆಗೆ ಹಳೆ ಪೇಪರ್ ಜೋಡಿಸಿ ನೆಲಕ್ಕೆ ಅಂಟಿಸಿ, ಎರಡು ದಿನ ಅದನ್ನು ತುಳಿಯದೆ ಓಡಾಡಿ ನೋಡಿ. ಬಾಗಿಲು, ಲಿಫ್ಟ್, ಮೆಟ್ಟಿಲು ತಿರುಗುವ ಜಾಗವನ್ನೂ ಅಳೆಯಿರಿ. ಚೌಕಟ್ಟು 3 ಅಡಿ ಇದ್ದರೂ ಒಳಗೆ ಸಿಗುವ ತೆರಪು ಅದಕ್ಕಿಂತ ಕಡಿಮೆ, ಅಲ್ಲೇ ಸೋಫಾ ಸಿಕ್ಕಿಕೊಳ್ಳುವುದು. 6 ಇಂಚು ಕಾಲಿರುವ ಸೋಫಾ ಆರಿಸಿದರೆ ಅಡಿಗೆ ಪೊರಕೆ ಹೋಗುತ್ತದೆ, ನೆಲ ಕಾಣುವುದರಿಂದ ಹಾಲ್ ದೊಡ್ಡದೆನಿಸುತ್ತದೆ.

ಟಿ.ವಿ. ಸ್ಟ್ಯಾಂಡನ್ನು ಬಡಗಿಯಿಂದ ಮಾಡಿಸುವುದಾದರೆ 18 ಮಿ.ಮೀ. ಪ್ಲೈವುಡ್ ಹಾಕಿಸಿ. ನಡುವೆ ಆಸರೆಯಿಲ್ಲದೆ 3 ಅಡಿಗಿಂತ ಉದ್ದದ ಹಲಗೆ ಬೇಡ, ಬರಬರುತ್ತಾ ಜಗ್ಗುತ್ತದೆ. ಹೊರಮುಖಕ್ಕೆ ಮಾತ್ರ ಲ್ಯಾಮಿನೇಟ್ ಅಂಟಿಸಿ ಒಳಮುಖ ಬಿಟ್ಟರೆ ಬಾಗಿಲು ಸೊಟ್ಟಗಾಗುತ್ತದೆ, ಏಕೆಂದರೆ ಎರಡು ಮುಖಗಳೂ ಒಂದೇ ಸಮ ತೇವ ಹೀರುವುದಿಲ್ಲ. ಎರಡೂ ಕಡೆ ಅಂಟಿಸಲು ಮೊದಲೇ ಹೇಳಿ. ಟಿ.ವಿ.ಯ ನಡುಭಾಗ ನೆಲದಿಂದ 40-42 ಇಂಚಿನಲ್ಲಿ, ಕೂತವರ ಕಣ್ಣಿನ ಮಟ್ಟಕ್ಕೆ ಬರಲಿ. ತುಂಬಾ ಮನೆಗಳಲ್ಲಿ ಅದು ದೇವರ ಪಟದಷ್ಟು ಎತ್ತರದಲ್ಲಿರುತ್ತದೆ, ಕತ್ತು ನೋಯುತ್ತದೆ.

ಫಾಲ್ಸ್ ಸೀಲಿಂಗ್ ಖಂಡಿತ ಬೇಡ. ತಾರಸಿಯ ತಳ ನೆಲದಿಂದ ಒಂಬತ್ತೂವರೆ ಅಡಿಯಷ್ಟೇ ಇರುವ ಮನೆಯಲ್ಲಿ ಅರ್ಧ ಅಡಿ ಇಳಿಸಿದರೆ ಹಾಲ್ ಕುಗ್ಗಿದಂತೆ ಕಾಣುತ್ತದೆ. ಮೇಲಿನ ಮನೆಯಿಂದ ನೀರು ಸೋರಿದರೂ ಹಲಗೆ ಕಪ್ಪಾಗುವವರೆಗೆ ಗೊತ್ತಾಗುವುದಿಲ್ಲ. 120 ಚದರಡಿಗೆ ಸುಮಾರು 2000 ಲ್ಯೂಮೆನ್ ಕೊಡುವ 20 ವ್ಯಾಟಿನ ಒಂದು ಎಲ್‌ಇಡಿ ಟ್ಯೂಬ್, ಸೋಫಾ ಮೂಲೆಗೆ ಹಳದಿ ಬೆಳಕಿನ ಒಂದು ದೀಪ ಇದ್ದರೆ ಸಾಕು. ಉಳಿದ ದುಡ್ಡನ್ನು ಪರದೆಗೆ ಹಾಕಿ. 4 ಅಡಿ ಕಿಟಕಿಗೆ 5 ಅಡಿ ರಾಡ್, ಚೌಕಟ್ಟಿನಿಂದ 6 ಇಂಚು ಮೇಲೆ. ಬಟ್ಟೆಯ ಅಗಲ ರಾಡಿನ ಎರಡರಷ್ಟು, ಅಂದರೆ 10 ಅಡಿ. ಅಂಗಡಿಯ ರೆಡಿಮೇಡ್ ಪರದೆ ಒಂದೊಂದು ಸುಮಾರು 4 ಅಡಿ ಇರುತ್ತದೆ, ಎರಡನ್ನೇ ತಂದರೆ 8 ಅಡಿಯಷ್ಟೇ ಆಗಿ, ಎಳೆದಾಗ ನೆರಿಗೆ ಕಡಿಮೆಯಾಗುತ್ತದೆ. ಕಾಟನ್ ಆದರೆ ಹೊಲಿಸುವ ಮೊದಲು ಒಮ್ಮೆ ನೀರಿಗೆ ಹಾಕಿ ಒಣಗಿಸಿ.

ಪ್ರಶ್ನೆ: ಹಾಲಿನ ಒಂದು ಗೋಡೆಯ ಆಚೆಗೆ ಬಾತ್‌ರೂಮ್ ಇದೆ. ನೆಲದಿಂದ ಎರಡು ಅಡಿವರೆಗೆ ಪೇಂಟ್ ಗುಳ್ಳೆ ಎದ್ದು ಬಿಳಿ ಪುಡಿ ಉದುರುತ್ತಿದೆ. ಹೋದ ವರ್ಷವಷ್ಟೇ ಬಣ್ಣ ಹೊಡೆಸಿದ್ದು. ಮೇಲೆ ಪಿವಿಸಿ ಪ್ಯಾನೆಲ್ ಹೊಡೆಸಿದರೆ ಅಂದ, ಸಮಸ್ಯೆಯೂ ತೀರುತ್ತದೆ ಎನ್ನುತ್ತಿದ್ದಾರೆ. ನಿಜವೇ?
(ಬ್ಯಾಂಕ್ ನೌಕರರು, ಕೋಲಾರ)

ಉತ್ತರ: ಪ್ಯಾನೆಲ್ ಹೊಡೆಸಬೇಡಿ. ಮುಚ್ಚಿದರೆ ಈ ಬದಿಯಿಂದ ಆರಲು ದಾರಿಯಿಲ್ಲದೆ ತೇವ ಮೇಲಕ್ಕೇರಿ, ಪ್ಯಾನೆಲ್ ಮುಗಿಯುವ ಕಡೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ಬಿಳಿ ಪುಡಿ ಗೋಡೆಯೊಳಗಿನ ಉಪ್ಪು. ನೀರಿನಲ್ಲಿ ಕರಗಿ ಬಂದು, ನೀರು ಆರಿದಾಗ ಹೊರಗೆ ಉಳಿಯುತ್ತದೆ.

ಕೋಲಾರದಂಥ ಗಡುಸು ಬೋರ್‌ವೆಲ್ ನೀರಿನ ಊರಿನಲ್ಲಿ ಇದಕ್ಕೊಂದು ಕಾರಣ ಎಷ್ಟೋ ಮನೆಗಳಲ್ಲಿದೆ. ಬಾತ್‌ರೂಮ್ ಟೈಲ್ಸ್ ಮೇಲೆ ಬಿಳಿ ಕಲೆ ಕಟ್ಟುತ್ತದೆ, ಅದನ್ನು ತೆಗೆಯಲು ಆಸಿಡ್ ಸುರಿದು ಉಜ್ಜುತ್ತಾರೆ. ಕಲೆಯ ಜೊತೆಗೆ ಟೈಲ್ಸ್ ಸಂದಿನ ಸಿಮೆಂಟನ್ನೂ ಆಸಿಡ್ ತಿನ್ನುತ್ತದೆ. ಆ ಸಂದಿಯಿಂದ ದಿನವೂ ಇಳಿಯುವ ಸ್ನಾನದ ನೀರೇ ನಿಮ್ಮ ಹಾಲಿಗೆ ಬರುತ್ತಿರಬಹುದು.

ಖಚಿತ ಮಾಡಿಕೊಳ್ಳಲು ಹಾಲಿನ ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ 24 ಗಂಟೆ ಬಿಡಿ. ಹಾಳೆಯ ಒಳಮೈ ಬೆವೆತರೆ ತೇವ ಗೋಡೆಯೊಳಗಿನದು. ಬಳಿಕ ಬಾತ್‌ರೂಮಿನ ನಹನಿ ಟ್ರ್ಯಾಪ್‌ಗೆ (ನೆಲದಲ್ಲಿ ನೀರು ಹೊರಹೋಗುವ ಜಾಲರಿ ತೂತು) ಬಟ್ಟೆ ಗಿಡಿದು ಒಂದು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಮರುದಿನ ನೋಡಿ. ನೀರು ಚೆನ್ನಾಗಿ ಇಳಿದಿದ್ದರೆ ನೆಲದ ಸಂದು ಅಥವಾ ಟ್ರ್ಯಾಪಿನ ಸುತ್ತಲೂ ದೋಷವಿದೆ. ಇಳಿಯದಿದ್ದರೆ ಗೋಡೆಯೊಳಗಿನ ಪೈಪ್ ಇಲ್ಲವೇ ಗೋಡೆ ಟೈಲ್ಸ್‌ನ ಸಂದು ನೋಡಬೇಕು, ಪ್ಲಂಬರನ್ನು ಕರೆಸಿ. ಸಂದಿನ ದೋಷವಾದರೆ ಹಳೇ ಸಿಮೆಂಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ. ಅದನ್ನು ಆಸಿಡ್ ಅಷ್ಟು ಸುಲಭವಾಗಿ ತಿನ್ನುವುದಿಲ್ಲ. ಆದರೂ ಆಸಿಡ್ ಕೈಬಿಡಿ, ಸ್ನಾನವಾದ ಮೇಲೆ ವೈಪರ್ ಎಳೆದರೆ ಕಲೆಯೇ ಕಡಿಮೆ.

ಸೋರಿಕೆ ನಿಂತ ಮೇಲೆ ಹಾಲಿನ ಕಡೆ ಸಡಿಲವಾದ ಪೇಂಟ್, ಪುಟ್ಟಿ ಎಲ್ಲವನ್ನೂ ಕೆರೆಸಿ. ಗಾರೆ ಬೆರಳಿಗೆ ಉದುರುವಂತಿದ್ದರೆ ಅದನ್ನೂ ತೆಗೆಸಿ ಹೊಸದಾಗಿ ಮೆತ್ತಿಸಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಕನಿಷ್ಠ ನಾಲ್ಕು ವಾರ ಆರಲು ಬಿಡಿ. ಇಲ್ಲಿ ಪೇಂಟರ್ ಅವಸರ ಮಾಡುತ್ತಾರೆ, ಒಪ್ಪಬೇಡಿ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೊಮ್ಮೆ ಮಾಡಿ, ಒಳಮೈ ಒಣಗಿದ್ದರೆ ಮಾತ್ರ ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆಯಾದರೆ ಎರಡು ಕೋಟಿಗೆ 2 ಲೀಟರ್ ಸಾಕು.

ಪ್ರಶ್ನೆ: ಬಾಡಿಗೆ ಮನೆ, ಓನರ್ ಮೊಳೆ ಹೊಡೆಯಬೇಡಿ ಅಂದಿದ್ದಾರೆ. ಅಂಟಿಸುವ ಹುಕ್ ಹಾಕಿದರೆ ಫೋಟೊ ಸಮೇತ ಬಣ್ಣವೂ ಕಿತ್ತು ಬಂತು.
(ಶಿಕ್ಷಕಿ, ಚಿಕ್ಕಬಳ್ಳಾಪುರ)

ಉತ್ತರ: ಗೋಡೆಗೆ ಡಿಸ್ಟೆಂಪರ್ ಹೊಡೆದಿರಬೇಕು. ಅಂಗೈ ಒರೆಸಿ ನೋಡಿ, ಬಿಳಿ ಹತ್ತಿದರೆ ಅದೇ. ಅಂಟು ಹಿಡಿಯುವುದು ಬಣ್ಣದ ಪದರವನ್ನು, ಆ ಪದರವೇ ಗೋಡೆಯನ್ನು ಗಟ್ಟಿಯಾಗಿ ಹಿಡಿದಿಲ್ಲ. ಅಲ್ಲಿ ಯಾವ ಕಂಪನಿಯ ಹುಕ್ಕೂ ನಿಲ್ಲದು. ಫೋಟೊಗಳನ್ನು ಷೋಕೇಸ್ ಅಥವಾ ಟಿ.ವಿ. ಸ್ಟ್ಯಾಂಡಿನ ಮೇಲೆ ಗೋಡೆಗೆ ಒರಗಿಸಿಡಿ, ದೊಡ್ಡದು ಹಿಂದೆ, ಚಿಕ್ಕದು ಮುಂದೆ. ಓನರನ್ನು ಕೇಳಿ ಒಂದೇ ಒಂದು ತೂತಿಗೆ ಒಪ್ಪಿಸಿದರೆ ಸುತ್ತಿಗೆ-ಮೊಳೆ ಬೇಡ, ಡ್ರಿಲ್ ಮಾಡಿಸಿ 8 ಮಿ.ಮೀ. ಪ್ಲಗ್ (ತೂತಿನೊಳಗೆ ಕೂರಿಸುವ ಪ್ಲಾಸ್ಟಿಕ್ ಬಿರಡೆ), 50 ಮಿ.ಮೀ. ಸ್ಕ್ರೂ ಹಾಕಿಸಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಎಂದೂ ಕೊರೆಯಬಾರದು. ವೈರಿನ ಪೈಪ್ ಇರುವುದು ಅಲ್ಲೇ.

ಪ್ರಶ್ನೆ: ಹಾಲಿನಲ್ಲಿಟ್ಟ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಎಲೆ ತುದಿ ಸುಟ್ಟಂತಾಗುತ್ತಿದೆ. ನೀರು ವ್ಯರ್ಥವಾಗದಿರಲಿ ಎಂದು ಆರ್‌ಒ ಫಿಲ್ಟರಿನ ಹೊರನೀರು ಹಾಕುತ್ತಿದ್ದೇನೆ.
(ವಿದ್ಯಾರ್ಥಿನಿ, ಚಿಂತಾಮಣಿ)

ಉತ್ತರ: ಆ ನೀರೇ ಕಾರಣವಿರಬೇಕು. ಫಿಲ್ಟರ್ ಬೇರ್ಪಡಿಸಿದ ಲವಣವೆಲ್ಲ ಹೊರನೀರಿನಲ್ಲೇ ಇರುತ್ತದೆ, ಬೋರ್‌ವೆಲ್ ನೀರಿಗಿಂತಲೂ ಅದು ಉಪ್ಪು. ಅದನ್ನು ಟಾಯ್ಲೆಟ್ಟಿಗೆ ಸುರಿಯಿರಿ. ಕುಂಡದ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದ್ದರೆ ಮೇಲಿನ ಒಂದು ಇಂಚು ಮಣ್ಣು ತೆಗೆದು ಹೊಸದು ಹಾಕಿ. ಕುಂಡದ ಎರಡರಷ್ಟು ಮಳೆನೀರು ಅಥವಾ ಫಿಲ್ಟರ್ ನೀರನ್ನು ನಿಧಾನವಾಗಿ ಸುರಿದು ತಳದ ತೂತಿನಿಂದ ಇಳಿದುಹೋಗಲು ಬಿಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ, ಇಲ್ಲದಿದ್ದರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ. ಸ್ನೇಕ್ ಪ್ಲಾಂಟಿಗೆ ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ, ಕತ್ತರಿಸಿಬಿಡಿ. ಹೊಸ ಎಲೆ ಹೇಗೆ ಬರುತ್ತದೆಂದು ನೋಡಿ.