ಹಾಯಿ ಮಡಚಿದರೂ ದೋಣಿ ಏಕೆ ವಾಲುತ್ತದೆ?

ಪ್ರಶ್ನೆ: ನಾವು ಮೂವರು ಗೆಳೆಯರು ಅನುಮತಿ ಪಡೆದು ತುಂಗಭದ್ರಾ ಹಿನ್ನೀರಿನಲ್ಲಿ 14 ಅಡಿಯ ಫೈಬರ್ ಹಾಯಿದೋಣಿ ನಡೆಸುತ್ತೇವೆ. ಆಷಾಢದ ಗಾಳಿಗೆ ದೊಡ್ಡ ಹಾಯಿಯನ್ನು ಒಂದು ಪಟ್ಟು ಮಡಚಿ ಕಟ್ಟಿದರೂ ದೋಣಿ ವಾಲುತ್ತದೆ, ಚುಕ್ಕಾಣಿ ಕೈಗೆ ಭಾರವಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?
— ಓದುಗರು, ಮುನಿರಾಬಾದ್

ಉತ್ತರ: ಬಹುಶಃ ಹಾಯಿಯ ಹಿಂದಿನ ಮೂಲೆಯಲ್ಲಿ. ಮಡಚಿದ ಮೇಲೆ ಆ ಮೂಲೆಯ ಹಗ್ಗ ಸಡಿಲ ಉಳಿದರೆ ಬಟ್ಟೆ ಚೀಲದಂತೆ ಉಬ್ಬಿಕೊಳ್ಳುತ್ತದೆ. ಹಾಯಿ ಚಿಕ್ಕದಾದರೂ ಗಾಳಿ ಹಿಡಿಯುವುದು ನಿಲ್ಲುವುದಿಲ್ಲ. ವಾಲಿದ ದೋಣಿ ತಾನಾಗಿ ಗಾಳಿಯತ್ತ ಮೂತಿ ತಿರುಗಿಸುತ್ತದೆ. ಚುಕ್ಕಾಣಿ ಭಾರವಾಗುವುದು ಅದಕ್ಕೇ.

ಮಡಚುವ ಕೆಲಸ ದಂಡೆಯಲ್ಲೇ ಮುಗಿಯಲಿ. ದೋಣಿಯ ಮೂತಿಯನ್ನು ಗಾಳಿಗೆ ಎದುರು ಮಾಡಿ, ಹಾಯಿ ಏರಿಸುವ ಹಗ್ಗ ಸಡಿಲಿಸಿ, ಹಾಯಿಯ ಮುಂದಿನ ಅಂಚಿನಲ್ಲಿರುವ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ. ಹಗ್ಗವನ್ನು ಮತ್ತೆ ಬಿಗಿಯಾಗಿ ಎಳೆಯಿರಿ. ಕಂಬದ ಪಕ್ಕ ಉದ್ದಕ್ಕೆ ಒಂದು ಸಣ್ಣ ನೆರಿಗೆ ಮೂಡಬೇಕು. ಆಮೇಲೆ ಹಿಂದಿನ ಅಂಚಿನ ಬಳೆಯನ್ನು ಬೂಮಿಗೆ (ಹಾಯಿಯ ಕೆಳ ಅಂಚಿನ ಅಡ್ಡ ಕಂಬಕ್ಕೆ) ಒತ್ತುವಂತೆ ಕೆಳಕ್ಕೂ ಹಿಂದಕ್ಕೂ ಜಗ್ಗಿ ಕಟ್ಟಿ. ಬಳೆಗೂ ಬೂಮಿಗೂ ನಡುವೆ ಎರಡು ಬೆರಳು ತೂರಿದರೆ ಇನ್ನೂ ಸಡಿಲವೆಂದೇ ಲೆಕ್ಕ. ನಡುವಿನ ದಾರಗಳ ಕೆಲಸ ಉಳಿದ ಬಟ್ಟೆಯನ್ನು ಸುತ್ತಿಡುವುದಷ್ಟೇ. ಅವನ್ನು ಬಿಗಿದರೆ ಭಾರವೆಲ್ಲ ಅವುಗಳ ಮೇಲೆ ಬಿದ್ದು ತೂತುಗಳ ಸಾಲಿನಲ್ಲೇ ಹಾಯಿ ಹರಿಯುತ್ತದೆ.

ಇಷ್ಟಾದರೂ ವಾಲಿದರೆ ಗಾಳಿಯನ್ನೇ ನೋಡಬೇಕು. ದಂಡೆಯಲ್ಲಿ ಧೂಳು, ಕಾಗದ ಏಳುತ್ತಿದ್ದರೆ ಅದು ಗಂಟೆಗೆ 20ರಿಂದ 28 ಕಿ.ಮೀ. ಎಲೆ ತುಂಬಿದ ಚಿಕ್ಕ ಗಿಡಮರಗಳು ತೂಗಾಡಿ, ನೀರಿನ ತುಂಬ ಬಿಳಿ ನೊರೆ ಕಂಡರೆ 29 ದಾಟಿದೆ. ನಿಮ್ಮ ದೋಣಿ ದಂಡೆಯಲ್ಲೇ ಇರಲಿ. ಗಾಳಿ 20ರಿಂದ 30ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ಒಂದೂವರೆಯಲ್ಲ, ಎರಡೂ ಕಾಲು ಪಟ್ಟಾಗುತ್ತದೆ.

ಈ ಜಲಾಶಯ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿದೆ, ಮಳೆಗಾಲದ ಗಾಳಿಯೂ ಹೆಚ್ಚುಕಡಿಮೆ ಅದೇ ದಿಕ್ಕಿನದು. ಹಾಗಾಗಿ ಅಲೆ ದೂರದಿಂದ ಬೆಳೆಯುತ್ತಾ ಬರುತ್ತದೆ. ಕಂಬ ಮುರಿದರೆ ದೋಣಿ ತೇಲಿ ಹೋಗುವುದು ಅಣೆಕಟ್ಟೆಯ ಕಡೆಗೇ. ಗೇಟ್ ತೆರೆದ ದಿನ ನೀರಿಗಿಳಿಯುವ ಮಾತೇ ಬೇಡ. ಉಳಿದ ದಿನ ಲಂಗರು ಇರಲೇಬೇಕು, ಅದರ ಹಗ್ಗ ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದವಿರಲಿ. ಗಿಡ್ಡ ಹಗ್ಗದ ಲಂಗರು ನೆಲ ಕಚ್ಚದೆ ಜಾರುತ್ತದೆ.

ಬೂಮ್ ಎಳೆಯುವ ಹಗ್ಗವನ್ನು ಗೂಟಕ್ಕೆ ಕಟ್ಟಬೇಡಿ, ಕೈಯಲ್ಲೇ ಹಿಡಿಯಿರಿ. ಗಾಳಿ ಹೊಡೆದ ಕೂಡಲೇ ಬಿಡಲು ಬರಬೇಕು. ಹಿಂದಿನಿಂದ ಗಾಳಿ ಇರುವಾಗ ದಿಕ್ಕು ಬದಲಿಸಿದರೆ ಬೂಮ್ ಬೀಸಿ ತಲೆಗೆ ಬಡಿಯುತ್ತದೆ. ಸುತ್ತುದಾರಿಯಾದರೂ ಸರಿ, ಗಾಳಿಗೆ ಎದುರಾಗಿಯೇ ತಿರುಗಿಸಿ.

ಲೈಫ್ ಜಾಕೆಟ್ ದೋಣಿಯೊಳಗಿದ್ದರೆ ಸಾಲದು, ಮೈಮೇಲಿರಬೇಕು. ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜಬೇಡಿ. ಮೊದಲು ಹಾಯಿ ಹಗ್ಗಗಳನ್ನು ಸಡಿಲಿಸಿ, ಮೂತಿ ಗಾಳಿಗೆ ಎದುರು ಮಾಡಿ, ದೋಣಿಯ ಅಡಿಯಿಂದ ಹೊರಚಾಚಿದ ಹಲಗೆಯ ಮೇಲೆ ನಿಂತು ಜಗ್ಗಿ. ಹಗ್ಗ ಬಿಡದೆ ಎಬ್ಬಿಸಿದರೆ ಗಾಳಿ ಹಿಡಿದು ಮತ್ತೆ ಮಗುಚುತ್ತದೆ.